ಹುಟ್ಟಿನಿಂದ ಬಂದ ಮಲಬದ್ಧತೆಗೆ 29ನೇ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರಗಳು. ನನಗೆ 29 ವರ್ಷ. ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ನನಗೆ ತಿಳಿವಳಿಕೆ ಬಂದಾಗಿನಿಂದಲೂ ಮಲಬದ್ಧತೆ ಇದೆ. ವಾರಕ್ಕೊಮ್ಮೆ, ಕೆಲವೊಮ್ಮೆ ಹತ್ತು ದಿನಕ್ಕೊಮ್ಮೆ ಮಾತ್ರ ಮಲವಿಸರ್ಜನೆ ಆಗುತ್ತದೆ. ನಾನು ಹುಟ್ಟಿದ ಮೇಲೆ ಮೂರು ದಿನ ಮಲವೇ ಹೋಗಲಿಲ್ಲವೆಂದೂ, ಅಜ್ಜಿ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಟ್ಟ ಮೇಲೆ ಹೋಯಿತೆಂದೂ ಅವ್ವ ಹೇಳುತ್ತಾಳೆ. ಚಿಕ್ಕವನಿದ್ದಾಗ ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸುತ್ತಿದ್ದರು. ಆಮೇಲೆ ಚೂರ್ಣ, ಇಸಬ್‌ಗೋಲು, ಮಾತ್ರೆ, ಎನಿಮಾ ಎಲ್ಲವೂ ಆಗಿವೆ. ಹೊಟ್ಟೆ ಸದಾ ಉಬ್ಬಿರುವುದರಿಂದ ಶಾಲೆಯಲ್ಲಿ ನನ್ನನ್ನು ಡೊಳ್ಳ ಎಂದೇ ಕರೆಯುತ್ತಿದ್ದರು. ಕಳೆದ ತಿಂಗಳು ಹೊಟ್ಟೆ ವಿಪರೀತ ಉಬ್ಬಿ ವಾಂತಿಯಾಗಿ ಆಸ್ಪತ್ರೆಗೆ ಸೇರಬೇಕಾಯಿತು. ಮೂಗಿನಿಂದ ನಳಿಕೆ ಹಾಕಿ, ಕೆಳಗಿನಿಂದ ತೊಳೆದು ಸರಿಪಡಿಸಿದರು. ಸಿ.ಟಿ. ಸ್ಕ್ಯಾನಿನಲ್ಲಿ ದೊಡ್ಡ ಕರುಳು ತುಂಬಾ ಹಿಗ್ಗಿದೆ ಎಂದು ಬಂದಿದೆ. ಇದು ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದು, ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷೆ) ಮಾಡಿ ನೋಡಿ ಆಮೇಲೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ, ಕೆಲವು ತಿಂಗಳು ಹೊಟ್ಟೆಯ ಮೇಲೆ ಚೀಲ ಇಡಬೇಕಾಗಬಹುದು ಎಂದು ಹೇಳಿದ್ದಾರೆ. ಹುಟ್ಟಿನಿಂದಲೇ ಇದ್ದ ಕಾಯಿಲೆಯಾದರೆ ಇಷ್ಟು ವರ್ಷ ನಾನು ಬದುಕಿದ್ದು ಹೇಗೆ? ಔಷಧದಿಂದಲೇ ಗುಣವಾಗುವುದಿಲ್ಲವೇ? ಮುಂದಿನ ವೈಶಾಖದಲ್ಲಿ ನನ್ನ ಮದುವೆ ನಿಶ್ಚಯವಾಗಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರೋಗದ ಸುಳಿವು ನಿಮ್ಮ ತಾಯಿಯವರ ಮಾತಿನಲ್ಲಿದೆ. ಅವಧಿ ತುಂಬಿ ಹುಟ್ಟಿದ ಆರೋಗ್ಯವಂತ ಶಿಶು ತನ್ನ ಮೊದಲ ಮಲವನ್ನು, ಅಂದರೆ ಕಪ್ಪು ಹಸಿರು ಬಣ್ಣದ ಅಂಟು ಮಲವನ್ನು, ಸಾಮಾನ್ಯವಾಗಿ 24 ಗಂಟೆಯೊಳಗೆ, ಹೆಚ್ಚೆಂದರೆ 48 ಗಂಟೆಯೊಳಗೆ ಹೊರಹಾಕುತ್ತದೆ. ಮೂರು ದಿನ ತಡವಾದದ್ದು, ಹೊರಗಿನಿಂದ ಕೆಣಕಿದ ಮೇಲೆ ಮಾತ್ರ ಹೋದದ್ದು, ಅಂದಿನಿಂದ ಇಂದಿನವರೆಗೆ ಔಷಧವಿಲ್ಲದೆ ಸರಾಗವಾಗಿ ಹೋದ ಒಂದು ವಾರವೂ ಇಲ್ಲದಿರುವುದು, ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ನಿಮ್ಮ ವೈದ್ಯರ ಅನುಮಾನ ಸರಿಯಾದ ದಿಕ್ಕಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಮಲಬದ್ಧತೆ ಎಂದು ಬರುವ ಹತ್ತು ಜನರಲ್ಲಿ ಹತ್ತೂ ಜನರಿಗೆ ನಾವು ಎಷ್ಟು ದಿನಕ್ಕೊಮ್ಮೆ ಹೋಗುತ್ತದೆ ಎಂದು ಕೇಳುತ್ತೇವೆ. ಇದು ಶುರುವಾದದ್ದು ಯಾವಾಗ ಎಂಬ ಪ್ರಶ್ನೆಯನ್ನು ಅಷ್ಟೇ ನಿಷ್ಠೆಯಿಂದ ಕೇಳಿದ್ದರೆ ನಿಮ್ಮಂಥವರು ಬಾಲ್ಯದಲ್ಲೇ ಪತ್ತೆಯಾಗುತ್ತಿದ್ದರು. ಈ ಲೋಪ ವೈದ್ಯರಾದ ನಮ್ಮದು, ನಿಮ್ಮ ಅವ್ವನದಾಗಲಿ ಅಜ್ಜಿಯದಾಗಲಿ ಅಲ್ಲ.

ಈಗ ಕಾಯಿಲೆಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಅರ್ಥವಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ. ಕರುಳಿನ ಗೋಡೆಯೊಳಗೆ ಅದರದೇ ಆದ ನರಕೋಶಗಳ ಜಾಲವಿದೆ. ಗೋಡೆಯ ಸ್ನಾಯು ಎಲ್ಲಿ ಬಿಗಿಯಬೇಕು, ಅದರ ಮುಂದಿನ ಭಾಗ ಎಲ್ಲಿ ಸಡಿಲವಾಗಬೇಕು ಎಂಬುದನ್ನು ಈ ಜಾಲ ಹೇಳುತ್ತದೆ. ಹೀಗೆ ಹಿಂದೆ ಬಿಗಿದು ಮುಂದೆ ಸಡಿಲವಾಗುವ ಅಲೆಯಿಂದಲೇ ಮಲ ಕೆಳಗೆ ಸಾಗುತ್ತದೆ. ಗರ್ಭದಲ್ಲಿ ಈ ನರಕೋಶಗಳು ಕರುಳಿನಲ್ಲೇ ಹುಟ್ಟುವುದಿಲ್ಲ. ಭ್ರೂಣದ ಬೆನ್ನುಭಾಗದಿಂದ ಹೊರಟು, ಅನ್ನನಾಳದ ಕಡೆಯಿಂದ ಗುದದ್ವಾರದ ಕಡೆಗೆ, ಸುಮಾರು 5ನೇ ವಾರದಿಂದ 12ನೇ ವಾರದೊಳಗೆ ಸಾಗಿ ಬಂದು ನೆಲೆಸುತ್ತವೆ. ಈ ಪ್ರಯಾಣ ನಡುವೆಯೇ ನಿಂತರೆ ಕೊನೆಯ ತುಂಡು ನರಕೋಶವಿಲ್ಲದೆ ಉಳಿದುಬಿಡುತ್ತದೆ. ಮೇಲಿನಿಂದ ಕೆಳಕ್ಕೆ ಪ್ರಯಾಣ ಸಾಗುವುದರಿಂದ ಕೊರತೆ ಯಾವಾಗಲೂ ಗುದದ್ವಾರದ ಬದಿಯಿಂದಲೇ ಇರುತ್ತದೆ. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು. ಬಹುಪಾಲು ಜನರಲ್ಲಿ ಮಲಾಶಯ ಮತ್ತು ಅದರ ಮೇಲಿನ ಸಿಗ್ಮಾಯ್ಡ್ ಭಾಗದಷ್ಟಕ್ಕೇ ಕೊರತೆ ಸೀಮಿತವಾಗಿರುತ್ತದೆ.

ನರಕೋಶವಿಲ್ಲದ ತುಂಡು ಸಡಿಲವಾಗಲು ಅರಿಯದೆ ಸದಾ ಬಿಗಿದುಕೊಂಡೇ ಇರುತ್ತದೆ. ಅದರ ಮೇಲಿರುವ ಆರೋಗ್ಯವಂತ ಕರುಳು ಈ ಬಿಗಿಯ ವಿರುದ್ಧ ತಳ್ಳಿ ತಳ್ಳಿ, ಮೊದಲು ದಪ್ಪವಾಗಿ, ಆಮೇಲೆ ಸೋತು ಹಿಗ್ಗುತ್ತದೆ. ಆದ್ದರಿಂದ ಸ್ಕ್ಯಾನಿನಲ್ಲಿ ಭಯಂಕರವಾಗಿ ಹಿಗ್ಗಿ ಕಂಡದ್ದು ನಿಮ್ಮ ಒಳ್ಳೆಯ ಕರುಳು. ಕೆಟ್ಟದ್ದು ಇರುವುದು ಅದರ ಕೆಳಗೆ, ನೋಡಲು ಏನೂ ಆಗಿಲ್ಲವೆಂಬಂತೆ ಕಾಣುವ ಸಣ್ಣ ತುಂಡಿನಲ್ಲಿ. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಬರ್ಲಿನ್ನಿನಲ್ಲಿ ಎರಡು ಶಿಶುಗಳ ವೃತ್ತಾಂತವನ್ನು ಮಂಡಿಸಿದಾಗ ಅವರೂ ಹಿಗ್ಗಿದ ಭಾಗವನ್ನೇ ರೋಗವೆಂದು ತಿಳಿದಿದ್ದರು. ಮುಂದೆ ಹಲವು ದಶಕಗಳ ಕಾಲ ಶಸ್ತ್ರಚಿಕಿತ್ಸಕರು ಹಿಗ್ಗಿದ್ದನ್ನು ಕತ್ತರಿಸಿ ತೆಗೆದು, ಕೆಳಗಿನ ತುಂಡನ್ನು ಹಾಗೆಯೇ ಬಿಟ್ಟು ಜೋಡಿಸುತ್ತಿದ್ದರು, ರೋಗ ಮರಳುತ್ತಿತ್ತು. ಹೊಟ್ಟೆಯ ಮೇಲೆ ಮಲದ್ವಾರ ಮಾಡಿಸಿಕೊಂಡ ಮಕ್ಕಳು ಚೆನ್ನಾಗಿ ಬೆಳೆದು, ಅದನ್ನು ಮುಚ್ಚಿದೊಡನೆ ಮತ್ತೆ ಹಳೆಯ ಸ್ಥಿತಿಗೆ ಹೋಗುವುದನ್ನು ಗಮನಿಸಿದ ಬಾಸ್ಟನ್ನಿನ ಆರ್ವರ್ ಸ್ವೆನ್ಸನ್, ತೊಡಕು ಕೆಳಗಿನ ತುಂಡಿನಲ್ಲಿದೆ ಎಂದು ತೋರಿಸಿ, ಅದನ್ನೇ ತೆಗೆದು ಮೇಲಿನ ಕರುಳನ್ನು ಗುದದ್ವಾರದವರೆಗೆ ಎಳೆದು ಜೋಡಿಸುವ ವಿಧಾನವನ್ನು 1948ರಲ್ಲಿ ಪ್ರಕಟಿಸಿದರು. ಇಂದಿಗೂ ಎಲ್ಲ ವಿಧಾನಗಳ ಅಡಿಪಾಯ ಅದೇ.

ಇಷ್ಟು ವರ್ಷ ಹೇಗೆ ಬದುಕಿದೆ ಎಂದು ಕೇಳಿದ್ದೀರಿ. ನರಕೋಶವಿಲ್ಲದ ಭಾಗ ಉದ್ದವಾಗಿದ್ದರೆ ಶೈಶವದಲ್ಲೇ ಕರುಳು ಕಟ್ಟಿಕೊಂಡು ಮಗು ಆಸ್ಪತ್ರೆ ಸೇರುತ್ತದೆ. ಗಿಡ್ಡದಾಗಿದ್ದರೆ ಮೇಲಿನ ಕರುಳಿನ ಬಲವೂ ಮನೆಯವರು ಕೊಡುವ ಬೇಧಿ ಔಷಧವೂ ಸೇರಿ ಹೇಗೋ ದೂಡಿಕೊಂಡು ಹೋಗುತ್ತವೆ. ನಿಮ್ಮ ಅಜ್ಜಿಯ ಹರಳೆಣ್ಣೆ ನಿಮ್ಮನ್ನು ಉಳಿಸಿದೆ ಎಂದರೆ ತಪ್ಪಾಗದು. ಆದರೆ ಅದೇ ಹರಳೆಣ್ಣೆ ಪತ್ತೆಯನ್ನು ಮುಂದೂಡಿತು ಎಂಬುದೂ ನಿಜ. ವೈದ್ಯಕೀಯ ಬರಹಗಳಲ್ಲಿ 10 ವರ್ಷ ದಾಟಿದ ಮೇಲೆ ಪತ್ತೆಯಾದದ್ದನ್ನು ಸಾಮಾನ್ಯವಾಗಿ ದೊಡ್ಡವರ ಹಿರ್ಷ್‌ಸ್ಪ್ರಂಗ್ ಎಂದು ಎಣಿಸುತ್ತಾರೆ. ಇಪ್ಪತ್ತು, ಮೂವತ್ತರ ಹರೆಯದಲ್ಲಿ ಕರುಳು ಸೋಲತೊಡಗಿದಾಗ, ಇಷ್ಟು ದಿನ ಕೆಲಸ ಮಾಡುತ್ತಿದ್ದ ಮಾತ್ರೆ ಕೆಲಸ ಮಾಡದೆ ಹೋದಾಗ, ನಿಮಗೆ ಕಳೆದ ತಿಂಗಳು ಆದಂಥದ್ದು ಆಗುತ್ತದೆ.

ಹಾಗೆಂದು ಹಿಗ್ಗಿದ ಕರುಳೆಲ್ಲ ಹಿರ್ಷ್‌ಸ್ಪ್ರಂಗ್ ಅಲ್ಲ. ಥೈರಾಯ್ಡ್ ಕೊರತೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು, ಕೆಲವು ಮಾನಸಿಕ ರೋಗದ ಮಾತ್ರೆಗಳು, ನೋವು ನಿವಾರಕವಾಗಿ ಕೊಡುವ ಅಫೀಮು ವರ್ಗದ ಔಷಧಗಳು, ಕರುಳಿನ ಕ್ಷಯದಿಂದಾದ ಕಿರಿದಾಗುವಿಕೆ, ಕ್ಯಾನ್ಸರ್, ಇವೆಲ್ಲವನ್ನೂ ಮೊದಲು ಬದಿಗೆ ಸರಿಸಬೇಕು. ಮಲ ಹೊರಹಾಕುವಾಗ ಸಡಿಲವಾಗಬೇಕಾದ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಅರಿಯದೆ ಬಿಗಿಹಿಡಿಯುವ ಅಭ್ಯಾಸ ಬಹಳ ಜನರಲ್ಲಿದೆ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ, ತರಬೇತಿ ಸಾಕು. ಕಾರಣವೇ ತಿಳಿಯದೆ ಕರುಳು ಹಿಗ್ಗುವವರೂ ಇದ್ದಾರೆ, ಅವರ ಚಿಕಿತ್ಸೆಯ ದಾರಿಯೇ ಬೇರೆ. ಆದ್ದರಿಂದ ಸಿ.ಟಿ. ಸ್ಕ್ಯಾನ್ ಒಂದನ್ನೇ ನೋಡಿ ಯಾರೂ ನಿಮ್ಮ ಹೊಟ್ಟೆಯನ್ನು ತೆರೆಯಬಾರದು. ನಿಮ್ಮ ವೈದ್ಯರು ಬಯಾಪ್ಸಿ ಮೊದಲು ಎಂದಿರುವುದು ನನಗೆ ಸಮಾಧಾನ ತಂದಿದೆ.

ಪರೀಕ್ಷೆಗಳಲ್ಲಿ ಮೂರನ್ನು ತಿಳಿದುಕೊಳ್ಳಿ. ಗುದದ್ವಾರದಿಂದ ಬೇರಿಯಂ ಅಥವಾ ನೀರಿನಲ್ಲಿ ಕರಗುವ ಔಷಧವನ್ನು ನಿಧಾನವಾಗಿ ಬಿಟ್ಟು ತೆಗೆಯುವ ಎಕ್ಸ್‌ರೇಯಲ್ಲಿ, ಕಿರಿದಾದ ತುಂಡು ಎಲ್ಲಿ ಮುಗಿದು ಹಿಗ್ಗಿದ್ದು ಎಲ್ಲಿ ಶುರುವಾಗುತ್ತದೆ ಎಂಬುದು ಆಲಿಕೆಯ ಆಕಾರದಲ್ಲಿ ಕಾಣುತ್ತದೆ. ಇದಕ್ಕೆ ಮುಂಚೆ ಎನಿಮಾ ಕೊಟ್ಟು ಕರುಳನ್ನು ಚೆನ್ನಾಗಿ ತೊಳೆದುಬಿಟ್ಟರೆ ಈ ವ್ಯತ್ಯಾಸ ಅಳಿಸಿಹೋಗುವ ಸಂಭವವಿದೆ. ಹಿಂದಿನ ದಿನ ತೊಳೆದಿದ್ದರೆ ಆ ವಿಷಯವನ್ನು ಎಕ್ಸ್‌ರೇ ವಿಭಾಗದವರಿಗೆ ಹೇಳಿ. ಎರಡನೆಯದು ಮ್ಯಾನೊಮೆಟ್ರಿ, ಅಂದರೆ ಒಳಗಿನ ಒತ್ತಡವನ್ನು ಅಳೆಯುವ ಪರೀಕ್ಷೆ. ಮಲಾಶಯದಲ್ಲಿ ಪುಟ್ಟ ಬಲೂನನ್ನು ಊದಿದಾಗ ಒಳಗಿನ ಬಿಗಿಸ್ನಾಯು ತಾನಾಗಿ ಸಡಿಲವಾಗಬೇಕು. ಹಾಗೆ ಸಡಿಲವಾದರೆ ಹಿರ್ಷ್‌ಸ್ಪ್ರಂಗ್ ಇರುವ ಸಂಭವ ತೀರಾ ಕಡಿಮೆ. ಆಗದಿದ್ದರೆ ಅನುಮಾನ ಬಲವಾಗುತ್ತದೆ, ಆದರೆ ಅಷ್ಟರಿಂದಲೇ ತೀರ್ಮಾನವಾಗದು, ಏಕೆಂದರೆ ವರ್ಷಗಟ್ಟಲೆ ಹಿಗ್ಗಿದ ಮಲಾಶಯಕ್ಕೆ ಚಿಕ್ಕ ಬಲೂನು ಮುಟ್ಟಿದ್ದೇ ತಿಳಿಯದಿರಬಹುದು.

ಕೊನೆಯ ಮಾತು ಬಯಾಪ್ಸಿಯದು. ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಯಾನ್ಸರಿನ ಬಯಾಪ್ಸಿಯಲ್ಲಿ ಚೂರನ್ನು ಪರೀಕ್ಷಿಸುವ ತಜ್ಞರು, ಅಂದರೆ ಪ್ಯಾಥಾಲಜಿಸ್ಟ್, ಇರುವುದನ್ನು ಹುಡುಕುತ್ತಾರೆ, ಇಲ್ಲಿ ಇಲ್ಲದಿರುವುದನ್ನು ಸಾಬೀತು ಮಾಡಬೇಕು. ಚೂರು ತೀರಾ ಚಿಕ್ಕದಾಗಿದ್ದರೆ ನರಕೋಶ ಇಲ್ಲವೋ, ಆ ಚೂರಿನಲ್ಲಿ ಸಿಗಲಿಲ್ಲವೋ ಹೇಳಲಾಗದು. ಶಿಶುಗಳಲ್ಲಿ ಒಳಪದರವನ್ನು ಹೀರಿ ತೆಗೆಯುವ ಸಣ್ಣ ಬಯಾಪ್ಸಿ ಸಾಕಾಗುತ್ತದೆ. ದೊಡ್ಡವರಲ್ಲಿ ಒಳಪದರ ದಪ್ಪವಾಗಿರುವುದರಿಂದ ಅರಿವಳಿಕೆ ಕೊಟ್ಟು ಮಲಾಶಯದ ಹಿಂಗೋಡೆಯಿಂದ ಸ್ನಾಯುವೂ ಸೇರಿದ ಪೂರ್ಣ ದಪ್ಪದ ಪಟ್ಟಿಯನ್ನು ತೆಗೆಯುವುದು ಲೇಸು. ಗುದದ್ವಾರದ ಹತ್ತಿರದ ಒಂದೆರಡು ಸೆಂಟಿಮೀಟರ್‌ನಲ್ಲಿ ಆರೋಗ್ಯವಂತರಲ್ಲೂ ನರಕೋಶಗಳು ವಿರಳ. ಅಲ್ಲಿಂದ ತೆಗೆದರೆ ಇಲ್ಲದ ರೋಗ ಇದೆ ಎಂದಾಗುತ್ತದೆ. ತುಂಬಾ ಮೇಲಿನಿಂದ ತೆಗೆದರೆ ಗಿಡ್ಡ ತುಂಡಿನ ರೋಗ ತಪ್ಪಿಸಿಕೊಳ್ಳುತ್ತದೆ. ಹೀಗಾಗಿ ಚೂರನ್ನು ಎಷ್ಟು ಎತ್ತರದಿಂದ ತೆಗೆದರು ಎಂಬುದು ವರದಿಯಲ್ಲಿ ಇರಬೇಕು. ನರಕೋಶಗಳಿಲ್ಲ ಎನ್ನುವುದರ ಜೊತೆಗೆ ದಪ್ಪಗಾದ ನರದೆಳೆಗಳು ಕಂಡವೇ, ಕ್ಯಾಲ್‌ರೆಟಿನಿನ್ ಎಂಬ ಬಣ್ಣದ ಪರೀಕ್ಷೆ ಮಾಡಿದರೇ ಎಂದು ಕೇಳುವ ಹಕ್ಕು ನಿಮಗಿದೆ. ಸಂದೇಹ ಉಳಿದರೆ ಬಯಾಪ್ಸಿಯ ಚೂರು ಅಂಟಿಸಿದ ಗಾಜಿನ ಪಟ್ಟಿಗಳನ್ನು ಪಡೆದು ಈ ರೋಗವನ್ನು ಆಗಾಗ ನೋಡುವ, ಅಂದರೆ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿರುವ ಆಸ್ಪತ್ರೆಯ ಪ್ಯಾಥಾಲಜಿಸ್ಟ್‌ಗೆ ಇನ್ನೊಮ್ಮೆ ತೋರಿಸಿ. ಇದರಿಂದ ಯಾವ ವೈದ್ಯರೂ ಬೇಸರಪಟ್ಟುಕೊಳ್ಳಬಾರದು.

ಔಷಧದಿಂದ ಗುಣವಾಗುವುದಿಲ್ಲವೇ ಎಂಬ ಪ್ರಶ್ನೆಗೆ, ಬಯಾಪ್ಸಿ ರೋಗವನ್ನು ಖಚಿತಪಡಿಸಿದರೆ, ಇಲ್ಲ ಎಂದೇ ಹೇಳಬೇಕು. ಇಲ್ಲದ ನರಕೋಶವನ್ನು ಯಾವ ಚೂರ್ಣವೂ ಮಾತ್ರೆಯೂ ತಂದುಕೊಡಲಾರದು. ಇಸಬ್‌ಗೋಲನ್ನು ಇಂದೇ ನಿಲ್ಲಿಸಿ. ಸಾಮಾನ್ಯ ಮಲಬದ್ಧತೆಗೆ ಅದು ಒಳ್ಳೆಯದೇ, ಆದರೆ ಕೆಳಗೆ ದಾರಿ ಬಿಗಿದಿರುವಾಗ ಮೇಲೆ ಮಲದ ಗಾತ್ರವನ್ನು ಹೆಚ್ಚಿಸಿದರೆ ಕಟ್ಟಿಕೊಳ್ಳುವುದು ಇನ್ನಷ್ಟು ಗಟ್ಟಿಯಾಗುತ್ತದೆ. ಮನೆಯಲ್ಲಿ ಸಾಬೂನು ನೀರಿನ ಎನಿಮಾ ಮಾಡಿಕೊಳ್ಳಬೇಡಿ. ಹಿಗ್ಗಿದ ಕರುಳು ಬರೀ ನೀರನ್ನು ಹೇರಳವಾಗಿ ಹೀರಿಕೊಂಡು ರಕ್ತದ ಸೋಡಿಯಂ ಕುಸಿಯುವಂತೆ ಮಾಡಬಲ್ಲದು. ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾ ಹೊರಬಾರದೆ ಒಳಗೇ ಉಳಿದರೆ ಅದೂ ಅಪಾಯಕಾರಿ. ಶಸ್ತ್ರಚಿಕಿತ್ಸೆಯವರೆಗೆ ಕರುಳನ್ನು ಸಲೈನ್‌ನಿಂದ, ಹದವಾದ ನಳಿಕೆಯಿಂದ, ಎಷ್ಟು ಹಾಕಿದೆವೋ ಅಷ್ಟು ಹೊರಬಂದಿತೇ ಎಂದು ಅಳೆದು ತೊಳೆಯಬೇಕು. ನರ್ಸ್ ಒಬ್ಬರು ನಿಮಗೋ ಮನೆಯವರಿಗೋ ಇದನ್ನು ಕಲಿಸಬಲ್ಲರು. ಹೊಟ್ಟೆ ಉಬ್ಬಿ ಗಾಳಿಯೂ ಹೋಗದೆ ವಾಂತಿಯಾದರೆ, ಅಥವಾ ಹೊಟ್ಟೆಯುಬ್ಬರದ ಜೊತೆ ಜ್ವರ ಬಂದು ದುರ್ವಾಸನೆಯ ತೆಳು ಬೇಧಿ ಶುರುವಾದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಮೊದಲನೆಯದು ಕರುಳು ಸುತ್ತಿಕೊಂಡದ್ದರ ಲಕ್ಷಣವಿರಬಹುದು. ಎರಡನೆಯದು ಕರುಳಿನ ಉರಿಯೂತದ್ದು. ಬೇಧಿಯಾಯಿತಲ್ಲ, ಕಟ್ಟು ಬಿಟ್ಟಿತು ಎಂದು ಮನೆಯವರು ಸಂತೋಷಪಡುವುದು ಇಂಥ ಹೊತ್ತಿನಲ್ಲೇ. ಆಗ ಕಾಯುವುದು ಪ್ರಾಣಕ್ಕೆ ಎರವಾಗುತ್ತದೆ.

ಶಸ್ತ್ರಚಿಕಿತ್ಸೆಯ ತತ್ತ್ವ ಸರಳ. ನರಕೋಶವಿಲ್ಲದ ತುಂಡನ್ನು ತೆಗೆದು, ಅಥವಾ ಬಳಕೆಯಿಂದ ಹೊರಗಿಟ್ಟು, ನರಕೋಶವಿರುವ ಕರುಳನ್ನು ಕೆಳಗೆ ತಂದು, ಹಿಡಿತದ ಸ್ನಾಯುವಿಗೆ ಪೆಟ್ಟಾಗದಂತೆ ಗುದದ್ವಾರದ ಸ್ವಲ್ಪ ಮೇಲೆ ಜೋಡಿಸಬೇಕು. ಮಾಡುವಾಗ ಮಾತ್ರ ಅದು ಸರಳವಲ್ಲ. ಶಿಶುವಿನಲ್ಲಿ ಎರಡೂ ಬದಿಯ ಕರುಳಿನ ಅಗಲದಲ್ಲಿ ದೊಡ್ಡ ವ್ಯತ್ಯಾಸವಿರುವುದಿಲ್ಲ, ಹೊಟ್ಟೆಯನ್ನೇ ತೆರೆಯದೆ ಗುದದ್ವಾರದ ಮೂಲಕವೇ ಮುಗಿಸುವುದೂ ಈಗ ರೂಢಿಯಲ್ಲಿದೆ. ನಿಮ್ಮ ವಯಸ್ಸಿನಲ್ಲಿ ಮೇಲಿನ ಕರುಳು ತೊಡೆಯಷ್ಟು ದಪ್ಪವಾಗಿ, ಗೋಡೆ ಊದಿಕೊಂಡಿರುತ್ತದೆ. ಅದನ್ನು ಹಾಗೆಯೇ ಕಿರಿದಾದ ಜಾಗಕ್ಕೆ ಹೊಲಿದರೆ ಹೊಲಿಗೆ ಬಿಟ್ಟು ಸೋರುವ ಅಪಾಯ ಹೆಚ್ಚು. ಚೀಲದ ಮಾತು ಬಂದಿರುವುದು ಈ ಕಾರಣಕ್ಕೆ. ಮೊದಲು ಹೊಟ್ಟೆಯ ಮೇಲೆ ತಾತ್ಕಾಲಿಕ ಮಲದ್ವಾರ ಮಾಡಿ, ಕೆಲವು ತಿಂಗಳು ಕರುಳು ಖಾಲಿಯಾಗಿ ಕುಗ್ಗಲು ಬಿಟ್ಟು, ಪೌಷ್ಟಿಕತೆಯನ್ನು ಸುಧಾರಿಸಿ, ಆಮೇಲೆ ಮುಖ್ಯ ಶಸ್ತ್ರಚಿಕಿತ್ಸೆ ಮಾಡುವುದು ಒಂದು ಕ್ರಮ. ತೊಳೆಯುವುದರಿಂದಲೇ ಕರುಳು ಚೆನ್ನಾಗಿ ಕುಗ್ಗಿದವರಲ್ಲಿ ಒಂದೇ ಹಂತದಲ್ಲಿ ಮಾಡುವುದೂ ಉಂಟು. ಕುಗ್ಗಲಾರದಷ್ಟು ಹಿಗ್ಗಿದ್ದರೆ ಆ ಭಾಗವನ್ನೂ ತೆಗೆಯಬೇಕಾಗುತ್ತದೆ. ಯಾವ ದಾರಿ ಎಂಬುದನ್ನು ನಿಮ್ಮ ಹೊಟ್ಟೆಯನ್ನು ಮುಟ್ಟಿ ನೋಡಿದವರೇ ನಿರ್ಧರಿಸಬೇಕು.

ವಿಧಾನಗಳಿಗೆ ಅವನ್ನು ರೂಪಿಸಿದವರ ಹೆಸರುಗಳಿವೆ: ಸ್ವೆನ್ಸನ್, ಡ್ಯುಹಾಮೆಲ್, ಸೋವೆ. ದೊಡ್ಡವರಲ್ಲಿ ಫ್ರಾನ್ಸಿನ ಬರ್ನಾರ್ಡ್ ಡ್ಯುಹಾಮೆಲ್ 1956ರಲ್ಲಿ ವಿವರಿಸಿದ ವಿಧಾನವನ್ನು ಹಲವರು ಆರಿಸಿಕೊಳ್ಳುತ್ತಾರೆ, ನನ್ನ ಒಲವೂ ಅತ್ತಲೇ. ಇದರಲ್ಲಿ ಹಳೆಯ ಮಲಾಶಯದ ಕೆಳಭಾಗವನ್ನು ಇದ್ದಲ್ಲೇ ಉಳಿಸಿ, ಅದರ ಹಿಂದಿನಿಂದ ಆರೋಗ್ಯವಂತ ಕರುಳನ್ನು ಇಳಿಸಿ, ಎರಡನ್ನೂ ಪಕ್ಕಪಕ್ಕಕ್ಕೆ ಸ್ಟೇಪ್ಲರಿನಿಂದ ಕೂಡಿಸುತ್ತಾರೆ. ಅಗಲದ ವ್ಯತ್ಯಾಸ ಇಲ್ಲಿ ಅಷ್ಟಾಗಿ ಕಾಡುವುದಿಲ್ಲ. ಮಲಾಶಯದ ಮುಂಭಾಗವನ್ನು ಬಿಡಿಸಬೇಕಾಗಿಲ್ಲವಾದ್ದರಿಂದ ಮೂತ್ರಕೋಶ ಮತ್ತು ಲೈಂಗಿಕ ಕ್ರಿಯೆಯ ನರಗಳಿಗೆ ಧಕ್ಕೆಯಾಗುವ ಸಂಭವ ಕಡಿಮೆ. ವಿಧಾನ ಯಾವುದೇ ಆಗಲಿ, ಕರುಳನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸಬಾರದು. ರೋಗಿ ಇನ್ನೂ ಅರಿವಳಿಕೆಯಲ್ಲಿರುವಾಗಲೇ ಆ ಜಾಗದ ಚೂರನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, ನರಕೋಶಗಳಿವೆ ಎಂದು ಪ್ಯಾಥಾಲಜಿಸ್ಟ್ ಹೇಳಿದ ಮೇಲೆಯೇ ಜೋಡಿಸಬೇಕು. ಈ ಸೌಲಭ್ಯ ನಿಮ್ಮ ಆಸ್ಪತ್ರೆಯಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲವಾದರೆ, ಅಥವಾ ಅಲ್ಲಿ ದೊಡ್ಡವರಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿ ಅನುಭವವಿರುವವರು ಇಲ್ಲವಾದರೆ, ಬೇರೆ ಕಡೆ ಹೋಗುವುದರಲ್ಲಿ ಸಂಕೋಚ ಬೇಡ. ಉದರ ಶಸ್ತ್ರಚಿಕಿತ್ಸಾ ತಜ್ಞರೂ ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರೂ ಒಟ್ಟಿಗೆ ನಿಂತು ಮಾಡಿದ ದೊಡ್ಡವರ ಶಸ್ತ್ರಚಿಕಿತ್ಸೆಗಳನ್ನು ನಾನು ಕಂಡಿದ್ದೇನೆ. ಒಬ್ಬರಿಗೆ ದೊಡ್ಡವರ ದೇಹದ ಪರಿಚಯ, ಇನ್ನೊಬ್ಬರಿಗೆ ಈ ರೋಗದ ಪರಿಚಯ, ಎರಡೂ ನಿಮಗೆ ಬೇಕು. ವೆಚ್ಚದ ಚಿಂತೆಯಿದ್ದರೆ ಪಡಿತರ ಚೀಟಿ ಮತ್ತು ಆಧಾರ್ ಹಿಡಿದು ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮುಂದಿನ ಆಸ್ಪತ್ರೆಗೆ ಶಿಫಾರಸು ಪಡೆಯುವ ಬಗ್ಗೆ ಕೇಳಿ.

ಆದ ಮೇಲೆ ಏನು ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ. ಮೊದಲ ಕೆಲವು ತಿಂಗಳು ದಿನಕ್ಕೆ ನಾಲ್ಕೈದು ಸಲ ಹೋಗಬೇಕಾಗಬಹುದು, ಒಮ್ಮೊಮ್ಮೆ ಬಟ್ಟೆ ಕೆಡಬಹುದು, ಗುದದ ಸುತ್ತಲಿನ ಚರ್ಮ ಉರಿಯಬಹುದು. ಹತ್ತು ದಿನ ಕಾದವರಿಗೆ ಇದು ವಿಚಿತ್ರವೆನಿಸುತ್ತದೆ, ಆದರೆ ಬಹುಪಾಲು ಜನರಲ್ಲಿ ಹಂತಹಂತವಾಗಿ ಹದಕ್ಕೆ ಬರುತ್ತದೆ. ಜೋಡಿಸಿದ ಜಾಗ ಕಿರಿದಾದರೆ ಹಿಗ್ಗಿಸಬೇಕಾಗುತ್ತದೆ. ಹಿಡಿತದ ಒಳಸ್ನಾಯುವನ್ನು ಉಳಿಸಿಕೊಂಡೇ ಮಾಡುವ ಶಸ್ತ್ರಚಿಕಿತ್ಸೆಯಾದ್ದರಿಂದ ಅದರ ಬಿಗಿತನ ಉಳಿದು ಸ್ವಲ್ಪ ಮಲಬದ್ಧತೆ ಕೆಲವರಲ್ಲಿ ಮುಂದುವರಿಯುತ್ತದೆ. ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದು ಅಂಥವರಲ್ಲಿ ಕೆಲವರಿಗೆ ನೆರವಾಗುತ್ತದೆ. ಕರುಳಿನ ಉರಿಯೂತ ಶಸ್ತ್ರಚಿಕಿತ್ಸೆಯ ನಂತರವೂ ಬರಬಹುದು, ಮೇಲೆ ಹೇಳಿದ ಎಚ್ಚರಿಕೆ ಆಗಲೂ ಅನ್ವಯಿಸುತ್ತದೆ. ಇಷ್ಟನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ, ಸರಿಯಾಗಿ ಪತ್ತೆ ಹಚ್ಚಿ ಸರಿಯಾಗಿ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಬೇಧಿ ಮಾತ್ರೆಯ ಹಂಗಿಲ್ಲದೆ ಇರುತ್ತಾರೆ.

ಇನ್ನು ಮದುವೆ. ವೈಶಾಖದೊಳಗೆ ಎಲ್ಲವನ್ನೂ ಮುಗಿಸಿಬಿಡಿ ಎಂದು ವೈದ್ಯರನ್ನು ಅವಸರಪಡಿಸಬೇಡಿ, ಮದುವೆಯವರೆಗೆ ಹೇಗೋ ತಳ್ಳೋಣ ಎಂದೂ ಯೋಚಿಸಬೇಡಿ. ಒಮ್ಮೆ ಕಟ್ಟಿಕೊಂಡ ಕರುಳು ಮತ್ತೆ ಕಟ್ಟಿಕೊಳ್ಳುತ್ತದೆ. ಮುಹೂರ್ತವನ್ನು ಮುಂದಕ್ಕೆ ಹಾಕಬಹುದು. ನಿಮ್ಮನ್ನು ಮದುವೆಯಾಗಲಿರುವವರಿಗೆ ವಿಷಯವನ್ನು ನೀವೇ, ಹಿರಿಯರ ಮೂಲಕವಲ್ಲದೆ, ನೇರವಾಗಿ ತಿಳಿಸಿ. ಬಯಸಿದರೆ ಇಬ್ಬರೂ ಸೇರಿ ವೈದ್ಯರ ಬಳಿ ಹೋಗಿ ಕೂತು ಕೇಳಿ. ದಾಂಪತ್ಯ ಜೀವನದ ನರಗಳ ಬಗ್ಗೆ ಮೇಲೆ ಬರೆದದ್ದನ್ನು ಶಸ್ತ್ರಚಿಕಿತ್ಸಕರೊಡನೆ ಮುಂಚಿತವಾಗಿಯೇ ಚರ್ಚಿಸಿ. ಈ ಪ್ರಶ್ನೆಯನ್ನು ಕೇಳಲು ನಾಚಿ, ಆಮೇಲೆ ವರ್ಷಗಟ್ಟಲೆ ಕೊರಗಿದವರನ್ನು ನೋಡಿ ನನಗೆ ನೋವಾಗಿದೆ.

ಪ್ರಶ್ನೆ: ನನ್ನ ಯಜಮಾನರಿಗೆ 34 ವರ್ಷ. ಅಡಿಕೆ ತೋಟದ ಕೆಲಸ ಮಾಡುತ್ತಾರೆ. ಇದೇ ಕಾಯಿಲೆ ಎಂದು ಬಯಾಪ್ಸಿಯಲ್ಲಿ ಖಚಿತವಾಗಿ ಎರಡು ತಿಂಗಳ ಹಿಂದೆ ಹೊಟ್ಟೆಯ ಎಡಗಡೆ ಕೊಲೊಸ್ಟೊಮಿ (ಹೊಟ್ಟೆಯ ಮೇಲೆ ಮಲದ್ವಾರ) ಮಾಡಿ ಚೀಲ ಹಾಕಿದ್ದಾರೆ. ಮುಂದಿನ ಶಸ್ತ್ರಚಿಕಿತ್ಸೆಗೆ ಇನ್ನೂ ಮೂರು ತಿಂಗಳಿದೆ. ಚೀಲದ ಸುತ್ತ ಚರ್ಮ ಕೆಂಪಾಗಿದೆ. ಅವರು ಯಾರ ಮನೆಗೂ ಬರುವುದಿಲ್ಲ, ದೇವಸ್ಥಾನಕ್ಕೂ ಹೋಗುವುದಿಲ್ಲ. ನಾನು ಈಗ ನಾಲ್ಕು ತಿಂಗಳ ಗರ್ಭಿಣಿ. ಮಗುವಿಗೂ ಬರುತ್ತದೆಯೇ?

ಉತ್ತರ: ಚರ್ಮ ಕೆಂಪಾಗಲು ಬಹುಮಟ್ಟಿಗೆ ಒಂದೇ ಕಾರಣ. ಚೀಲದ ತಟ್ಟೆಯಲ್ಲಿ ಕತ್ತರಿಸಿದ ರಂಧ್ರ ದೊಡ್ಡದಾಗಿ, ಸುತ್ತಲಿನ ಚರ್ಮಕ್ಕೆ ಮಲ ತಾಗುತ್ತಿದೆ. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಊದಿಕೊಂಡಿದ್ದ ಕರುಳಿನ ಬಾಯಿ ಎರಡು ತಿಂಗಳಲ್ಲಿ ಕುಗ್ಗಿರುತ್ತದೆ, ನೀವು ಹಳೆಯ ಅಳತೆಗೇ ಕತ್ತರಿಸುತ್ತಿರಬಹುದು. ಮತ್ತೊಮ್ಮೆ ಅಳೆದು, ಸುತ್ತಲೂ ಒಂದೆರಡು ಮಿಲಿಮೀಟರ್ ಮಾತ್ರ ಬಿಟ್ಟು ಕತ್ತರಿಸಿ. ಸಾದಾ ನೀರಿನಿಂದ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಎಣ್ಣೆ, ಮುಲಾಮು ಹಚ್ಚಿದರೆ ತಟ್ಟೆ ಹಿಡಿಯುವುದಿಲ್ಲ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಕರುಳಿನ ಬಾಯಿ ಕೆಂಪಾಗಿ, ಒದ್ದೆಯಾಗಿ ಇರುವುದು ಆರೋಗ್ಯದ ಲಕ್ಷಣ, ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಅದು ಕಪ್ಪಾದರೆ, ಅಥವಾ ಒಂದು ದಿನವಿಡೀ ಚೀಲಕ್ಕೆ ಏನೂ ಬಾರದೆ ಹೊಟ್ಟೆ ನೋಯತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅನ್ನ, ಮಜ್ಜಿಗೆ, ರಾಗಿ, ಬೇಯಿಸಿದ ತರಕಾರಿ, ಮೀನು ಎಲ್ಲವನ್ನೂ ತಿನ್ನಬಹುದು. ಹುರುಳಿ, ಎಲೆಕೋಸು ಗಾಳಿ ಹೆಚ್ಚಿಸುತ್ತವೆ, ಹೊರಗೆ ಹೋಗುವ ದಿನ ಬಿಟ್ಟರೆ ಸಾಕು. ಅಡಿಕೆ ಮೂಟೆ ಹೊರುವುದು, ಮರ ಹತ್ತುವುದು ಸದ್ಯಕ್ಕೆ ಬೇಡ, ಗಾಯದ ಪಕ್ಕದಿಂದ ಕರುಳು ಉಬ್ಬಿ ಹೊರಬರಬಹುದು.

ದೇವಸ್ಥಾನದ ವಿಷಯದಲ್ಲಿ ನಾನು ಹೇಳಬಹುದಾದದ್ದು ಇಷ್ಟೇ: ಎಲ್ಲರ ಹೊಟ್ಟೆಯೊಳಗೆ ಇರುವುದೇ ಅವರ ಚೀಲದಲ್ಲೂ ಇದೆ, ಅದು ಮುಚ್ಚಿದೆ, ವಾಸನೆ ಬರುವುದಿಲ್ಲ. ಹೊರಡುವ ಮುನ್ನ ಖಾಲಿ ಮಾಡಿ, ಮೇಲೆ ಸಡಿಲ ಅಂಗಿ ತೊಟ್ಟು ನಿಮ್ಮೊಡನೆ ಬರಲಿ. ಈ ಹಿಂದೆ ಚೀಲವಿದ್ದು ಈಗ ಮುಚ್ಚಿಸಿಕೊಂಡಿರುವ ಒಬ್ಬರೊಡನೆ ಅವರು ಅರ್ಧ ಗಂಟೆ ಮಾತನಾಡಿದರೆ ನನ್ನ ಹತ್ತು ಸಲಹೆಗಳಿಗಿಂತ ಹೆಚ್ಚು ಉಪಕಾರವಾಗುತ್ತದೆ. ನಿಮ್ಮ ಶಸ್ತ್ರಚಿಕಿತ್ಸಕರನ್ನು ಕೇಳಿದರೆ ಅಂಥವರ ಪರಿಚಯ ಮಾಡಿಸಬಲ್ಲರು.

ಮಗುವಿನ ಬಗ್ಗೆ: ಈ ರೋಗದಲ್ಲಿ ವಂಶವಾಹಿಗಳ ಪಾತ್ರವಿದೆ, ರೆಟ್ ಎಂಬ ವಂಶವಾಹಿಯಲ್ಲಿನ ಬದಲಾವಣೆ ಅವುಗಳಲ್ಲಿ ಮುಖ್ಯ. ಆದರೆ ತಂದೆಗಿದ್ದರೆ ಮಗುವಿಗೂ ಬಂದೇ ಬರುತ್ತದೆ ಎಂಬ ನಿಯಮವಿಲ್ಲ. ರೋಗವಿರುವವರ ಒಡಹುಟ್ಟಿದವರಲ್ಲಿ ಒಟ್ಟಾರೆ ನೂರಕ್ಕೆ ಸುಮಾರು ನಾಲ್ವರಿಗೆ ಬರುತ್ತದೆ. ಕೊರತೆಯ ಭಾಗ ಉದ್ದವಾಗಿದ್ದ ಕುಟುಂಬಗಳಲ್ಲಿ ಸಂಭವ ಹೆಚ್ಚು, ನಿಮ್ಮ ಯಜಮಾನರಂತೆ ಗಿಡ್ಡ ಭಾಗದವರಲ್ಲಿ ಕಡಿಮೆ. ಗರ್ಭದಲ್ಲಿರುವಾಗ ಸ್ಕ್ಯಾನಿನಲ್ಲಿ ಇದನ್ನು ನೆಚ್ಚಿ ಹೇಳಲಾಗದು. ನೀವು ಮಾಡಬೇಕಾದದ್ದು ಒಂದು. ಹೆರಿಗೆಯಾಗುವ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತಂದೆಯ ಕಾಯಿಲೆಯ ವಿಷಯವನ್ನು ಮೊದಲೇ ತಿಳಿಸಿ, ಮಗುವಿನ ಮೊದಲ ಮಲ ಯಾವ ಹೊತ್ತಿಗೆ ಹೋಯಿತು ಎಂಬುದನ್ನು ಗಂಟೆ ಸಮೇತ ಬರೆಯಿಸಿ. 48 ಗಂಟೆ ದಾಟಿದರೆ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ ಮನೆಗೆ ಹೊರಡದೆ ಅಲ್ಲೇ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಎರಡು ವರ್ಷದವರೆಗೆ ಸರಿಯಾಗಿಯೇ ಇದ್ದ. ಆಮೇಲೆ ಗಟ್ಟಿ ಮಲ, ನೋವು. ಈಗ ಕಕ್ಕಸಿಗೆ ಕೂರಿಸಿದರೆ ಅಳುತ್ತಾನೆ, ಕಾಲು ಹೆಣೆದುಕೊಂಡು ತಡೆಯುತ್ತಾನೆ, ಚಡ್ಡಿಗೆ ಆಗಾಗ ಸ್ವಲ್ಪ ಸ್ವಲ್ಪ ಅಂಟಿರುತ್ತದೆ. ಇವನಿಗೂ ದೊಡ್ಡವನಾದ ಮೇಲೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆಯೇ?

ಉತ್ತರ: ನೀವು ಬರೆದಿರುವುದು ಈ ರೋಗದ ಚಿತ್ರವಲ್ಲ. ಎರಡು ವರ್ಷ ಸರಿಯಾಗಿದ್ದು ಆಮೇಲೆ ಶುರುವಾದದ್ದು, ನೋವಿಗೆ ಹೆದರಿ ತಡೆಯುವುದು, ಚಡ್ಡಿಗೆ ಸೋರುವುದು, ಇವು ಮಕ್ಕಳಲ್ಲಿ ತೀರಾ ಸಾಮಾನ್ಯವಾದ ಅಭ್ಯಾಸಜನ್ಯ ಮಲಬದ್ಧತೆಯ ಲಕ್ಷಣಗಳು. ಹಿರ್ಷ್‌ಸ್ಪ್ರಂಗ್ ಇರುವ ಮಕ್ಕಳಲ್ಲಿ ಚಡ್ಡಿಗೆ ಸೋರುವುದು ಅಪರೂಪ. ಅವನನ್ನು ಗದರಿಸಬೇಡಿ. ಮಲವನ್ನು ಮೆದುವಾಗಿಸುವ ಔಷಧವನ್ನು ಮಕ್ಕಳ ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೆದರಿಕೆ ಪೂರ್ತಿ ಹೋಗುವವರೆಗೆ, ಅಂದರೆ ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ನಾಲ್ಕು ದಿನ ಸರಿಹೋಯಿತೆಂದು ನಿಲ್ಲಿಸಿದರೆ ಮತ್ತೆ ಮೊದಲಿನಂತಾಗುತ್ತದೆ. ಊಟವಾದ ಮೇಲೆ ಐದು ನಿಮಿಷ, ಕಾಲು ನೆಲಕ್ಕೋ ಮಣೆಗೋ ಊರುವಂತೆ ಕೂರಿಸಿ. ತೂಕ ಏರದಿದ್ದರೆ, ಹೊಟ್ಟೆ ಸದಾ ಉಬ್ಬಿದ್ದರೆ, ಅಥವಾ ಹುಟ್ಟಿದಾಗ ಮೊದಲ ಮಲ ತಡವಾಗಿತ್ತೆಂದು ತಿಳಿದುಬಂದರೆ ಮಾತ್ರ ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಅದು ನಿಮಗೆ ನೆನಪಿಲ್ಲದಿದ್ದರೆ ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ಹುಡುಕಿ ತೆಗೆಯಿರಿ, ತಾಯಿ ಕಾರ್ಡಿನ ಜೊತೆಗೇ ಇಟ್ಟಿರಬಹುದು.